ಕುರುಗೋಡಿನ ಬಂಡೆಯ ಮೇಲೆ ಗಾಳಿಹಾಸಿಗೆ

ನನ್ನ ಸೊಂಟದ ಎಲುಬು ಮುರಿದು ಕೂಡಿಕೊಂಡು ಎರಡು ವರ್ಷವಾಗಿತ್ತು. ಡಾಕ್ಟರು ನಡೆಯಿರಿ ಎಂದರು, ನಡೆದೆ. ಮೆಟ್ಟಿಲು ಹತ್ತಿ ಎಂದರು, ಹತ್ತಿದೆ. ನಮ್ಮ ಜನ ಮಾತ್ರ ನನ್ನನ್ನು ನೆಲಕ್ಕೆ ಬಿಡಲೊಲ್ಲರು. ಯಾರ ಮನೆಗೆ ಹೋದರೂ ಎಲ್ಲರೂ ಚಾಪೆಯ ಮೇಲೆ ಕೂತು ಉಣ್ಣುವಾಗ ನನಗೊಂದು ಪ್ಲಾಸ್ಟಿಕ್ ಕುರ್ಚಿ ಬರುತ್ತಿತ್ತು. ಐವತ್ಮೂರಕ್ಕೇ ನನ್ನನ್ನು ಅಟ್ಟಕ್ಕೆ ಹಾಕಿದ ಪಾತ್ರೆ ಮಾಡಿಬಿಟ್ಟರಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು.

ಬಳ್ಳಾರಿಯ ಪಾರ್ವತಿನಗರದ ನನ್ನ ಹೊಲಿಗೆ ಅಂಗಡಿಗೆ ಬರುವ ಟೀಚರೊಬ್ಬರು ಒಂದು ದಿನ ತಮ್ಮ ಹೆಂಗಸರ ತಂಡ ಘಟ್ಟದಲ್ಲಿ ನಾಲ್ಕು ದಿನ ನಡೆಯಲು ಹೊರಟಿದೆ ಎಂದರು. ರವಿಕೆಯ ಅಳತೆ ಅರ್ಧಕ್ಕೇ ಬಿಟ್ಟು, ನನ್ನ ಹೆಸರೂ ಬರೆದುಕೊಳ್ಳಿ ಎಂದೆ. ಡೇರೆಯಲ್ಲಿ ನೆಲದ ಮೇಲೆ ಮಲಗಬೇಕು, ಅವರವರ ಚೀಲ ಅವರೇ ಹೊರಬೇಕು ಎಂದರು. ಅದಕ್ಕೂ ಹೂಂ ಎಂದೆ. ಅವರು ಕೊಟ್ಟ ಫಾರಮ್ಮಿನ ಕೊನೆಗೆ ಮನೆಯವರೊಬ್ಬರ ಸಹಿ ಬೇಕಿತ್ತು. ನನಗೆ ಮನೆಯವರೆಂದರೆ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ತೂಕ ಮಾಡುವ ಅಣ್ಣ ಒಬ್ಬನೇ. ಇಪ್ಪತ್ತೈದು ವರ್ಷ ಒಬ್ಬಳೇ ಅಂಗಡಿ ನಡೆಸಿದವಳಿಗೆ ತನ್ನ ಸಹಿ ಸಾಲದಂತೆ!

ಸಹಿಗಿಂತ ಮೊದಲು ಹಾಸಿಗೆಯ ಚಿಂತೆ. ಮೊದಲು ಫೋಮಿನ ಮಡಚುವ ಚಾಪೆ ತರಿಸಿದೆ. ಹಗುರ, ಮುಳ್ಳು ಚುಚ್ಚಿದರೂ ಏನಾಗದು. ಆದರೆ ನಾನು ಮಗ್ಗುಲಾಗಿ ಮಲಗುವವಳು. ಅರ್ಧ ತಾಸಿಗೆ ಸೊಂಟ ನೆಲ ಮುಟ್ಟಿ ಜೀವ ಹಿಂಡಿತು. ವಾಪಸ್ ಕಳಿಸಿ ಗಾಳಿ ತುಂಬುವವುಗಳನ್ನು ನೋಡತೊಡಗಿದೆ. ತೀರಾ ಹಗುರವಾದದ್ದು ಅಸ್ತರಿನ ಬಟ್ಟೆಯಷ್ಟು ತೆಳುವಿತ್ತು. ದಪ್ಪನೆಯದನ್ನು ಬೆಟ್ಟಕ್ಕೆ ಹೊರುವುದು ನನ್ನಿಂದಾಗದು. ಕೊನೆಗೆ ಮೂರಿಂಚು ಉಬ್ಬುವ, ಅರ್ಧ ಕಿಲೋ ಆಸುಪಾಸಿನದನ್ನು ತರಿಸಿ, ಅದರ ಅಂಚನ್ನು ಮೊಳ ಮೊಳಕ್ಕೂ ಹೆಬ್ಬೆರಳಿನಿಂದ ಎಳೆದು ನೋಡಿದೆ. ಬಟ್ಟೆಯ ವಿಷಯದಲ್ಲಿ ನನಗೆ ಯಾರೂ ಟೋಪಿ ಹಾಕಲಾರರು.

ಅದನ್ನೂ ಫಾರಮ್ಮನ್ನೂ ಹಿಡಿದು ಸಿರುಗುಪ್ಪಕ್ಕೆ ಹೋದೆ. ಅಣ್ಣ ಹಾಸಿಗೆಯನ್ನು ಭತ್ತದ ಸ್ಯಾಂಪಲ್ ತೂಗುವ ಸಣ್ಣ ಕಾಟಾದ ಮೇಲಿಟ್ಟ.

"ಐನೂರಾ ಮೂವತ್ತು ಗ್ರಾಂ. ಡಬ್ಬಿ ಮ್ಯಾಲ ನಾನೂರಾ ಎಂಬತ್ತು ಅಂತ ಐತಿ. ಮೋಸ ಹೋಗೀಯವ್ವಾ."

"ಅದರ ಚೀಲ, ತೇಪಿ ಎಲ್ಲಾ ಸೇರಿ ಅಷ್ಟಾಗೈತಣ್ಣಾ. ನೀ ಸಹಿ ಮಾಡು."

"ನಮ್ಮ ಕಡಿ ಗಾಳಿ ಹಾಸಿಗಿ ಬಾಳತೈತೇನು? ಒಂದು ಜಾಲಿ ಮುಳ್ಳು ಸಾಕು. ಆಮ್ಯಾಲ ಕಲ್ಲಿನ ಮ್ಯಾಲ ಮಲಗಿ ಹೆಂಗ ಏಳ್ತಿ? ಎತ್ತಾಕ ನಾ ಬರ್ಲೇನು?"

ಬಳ್ಳಾರಿ ಜಾಲಿ ಎಂದು ನಮ್ಮೂರಿನ ಹೆಸರನ್ನೇ ಹೊತ್ತ ಮುಳ್ಳು ಅದು. ಸುಳ್ಳು ಎನ್ನುವಂತಿರಲಿಲ್ಲ. ಆದರೂ ಬಿಡಲಿಲ್ಲ, ಗಿರಣಿಯ ಹಮಾಲರೆಲ್ಲ ನೋಡುವಂತೆ ಜಗಳಕ್ಕೆ ನಿಂತೆ. ಕಡೆಗೆ ಅಣ್ಣನೇ ಒಂದು ಕರಾರು ಹಾಕಿದ. ಕುರುಗೋಡಿನ ಗುಡ್ಡದ ಬಂಡೆಯ ಮೇಲೆ ಒಂದು ತಾಸು ಮಲಗಬೇಕು, ಯಾರ ಕೈಯೂ ಹಿಡಿಯದೆ ಏಳಬೇಕು. ಎದ್ದರೆ ಅಲ್ಲೇ ಸಹಿ.

ಭಾನುವಾರ ನಾನು ಬಳ್ಳಾರಿಯಿಂದ ಬಸ್ಸಿನಲ್ಲಿ ಹೋದೆ, ಅವನು ಬೈಕಿನಲ್ಲಿ ಬಂದ. ಚಳಿಗಾಲದ ಬೆಳಗು, ಬಂಡೆಗಿನ್ನೂ ಬಿಸಿಲು ಸರಿಯಾಗಿ ತಾಗಿರಲಿಲ್ಲ. ಹಾಸುವ ಜಾಗವನ್ನು ಟವೆಲಿನಿಂದ ಮೂರು ಸಲ ಝಾಡಿಸಿದೆ, ಅಂಗೈ ಆಡಿಸಿ ನೋಡಿದೆ. ಇಪ್ಪತ್ತೆರಡು ಉಸಿರು ಊದಿದೆ. ಅಣ್ಣ ಗಿರಣಿಯಲ್ಲಿ ಮೂಟೆ ತುಂಬಿದೆಯೋ ಇಲ್ಲವೋ ಎಂದು ಕಾಲಲ್ಲಿ ಒತ್ತಿ ನೋಡುವವನು. ಇಲ್ಲೂ ರೂಢಿಯಂತೆ ಒಂದು ಮೂಲೆಯನ್ನು ಚಪ್ಪಲಿಗಾಲಿನಿಂದ ಒತ್ತಿ, "ಗಟ್ಟಿ ಐತಿ" ಎಂದ. ನಾನು ಮಗ್ಗುಲಾಗಿ ಮಲಗಿದೆ. ನಿದ್ದೆ ಬರುವುದಿಲ್ಲ ಎಂದುಕೊಂಡಿದ್ದೆ, ಬಂತು.

ಎಚ್ಚರವಾದಾಗ ನನ್ನ ಸೊಂಟ ಕಲ್ಲಿನ ಮೇಲಿತ್ತು. ಹಾಸಿಗೆ ಚಪ್ಪಟೆಯಾಗಿ ಬಂಡೆಗೆ ಅಂಟಿಕೊಂಡಿತ್ತು. ಅಣ್ಣ ಆಗಲೇ ಬಗ್ಗಿ ಕೈ ಚಾಚಿದ್ದ.

"ಹಿಡ್ಕೊ ಯವ್ವಾ. ಸಾಕು."

ಆ "ಸಾಕು" ಕೇಳಿದ್ದೇ ತಡ, ಹಲ್ಲು ಕಚ್ಚಿದೆ. ಬೋರಲು ಹೊರಳಿದೆ. ಅಂಗೈ ಊರಿದೆ, ಒಂದು ಮೊಣಕಾಲು ತಂದೆ, ಇನ್ನೊಂದನ್ನು ಎಳೆದುಕೊಂಡೆ. ಸೊಂಟದಲ್ಲಿ ಚಳಕು ಹೊಡೆದು ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಅಂಬೆಗಾಲಿನಲ್ಲಿ ಸ್ವಲ್ಪ ಹೊತ್ತು ಹಾಗೇ ಇದ್ದೆ. ಆಮೇಲೆ ಎದ್ದು ನಿಂತೆ.

"ಇದು ಲೆಕ್ಕಕ್ಕಿಲ್ಲ. ಗಾಳೀನ ಇರ್ಲಿಲ್ಲ," ಎಂದ ಅಣ್ಣ.

"ಹೌದಲ್ಲ? ಬರೀ ಕಲ್ಲಿನ ಮ್ಯಾಲಿಂದ ಎದ್ದೀನಿ. ತಗಿ ಪೆನ್ನು."

ಅವನು ಕೂತು ತೂತು ಹುಡುಕತೊಡಗಿದ. ತಾನು ಒತ್ತಿದ ಮೂಲೆಯಲ್ಲೇ ಸಿಕ್ಕಿತು. ಚಪ್ಪಲಿ ಬಿಚ್ಚಿ ತಿರುಗಿಸಿದ. ಅಟ್ಟೆಯಲ್ಲಿ ಜಾಲಿ ಮುಳ್ಳಿನ ತುದಿ ಇಣುಕುತ್ತಿತ್ತು. ನಮ್ಮ ಕಡೆ ಯಾರ ಚಪ್ಪಲಿ ತಿರುಗಿಸಿದರೂ ಅಂಥದ್ದೊಂದು ಇದ್ದೇ ಇರುತ್ತದೆ, ಆದರೂ ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ. ಅವನ ಮುಖ ನೋಡಿ ನನಗೆ ನಗು ತಡೆಯಲಾಗಲಿಲ್ಲ.

ಫಾರಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಸಹಿ ಹಾಕಿದ. ನಾನು ತೂತಿಗೆ ತೇಪೆ ಒತ್ತಿ, ಹಾಸಿಗೆ ಸುತ್ತಿ ಚೀಲಕ್ಕೆ ತುಂಬಿದೆ. ಇನ್ನು ಮುಂದೆ ಅದರಡಿ ಗಿರಣಿಯ ಖಾಲಿ ಅಕ್ಕಿ ಚೀಲವೊಂದನ್ನು ಬಿಚ್ಚಿ ಹಾಸುವುದು, ಚಪ್ಪಲಿಯವರನ್ನು ಹತ್ತಿರ ಬಿಡದಿರುವುದು ಎಂದು ನಿಶ್ಚಯಿಸಿದೆ. ಅಷ್ಟರಲ್ಲಿ ಅಣ್ಣ ಏಳಲು ಹೋಗಿ ಮತ್ತೆ ಕೂತ. ಇನ್ನೊಮ್ಮೆ ಹೋದ, ಮೊಣಕಾಲು ಹಿಡಿದುಕೊಂಡು ಕೂತ. ಅರವತ್ತರ ಮೊಣಕಾಲು.

"ಕೈ ಕೊಡು ಯವ್ವಾ," ಎಂದ, ನನ್ನ ಮುಖ ನೋಡದೆ.

ಕೊಟ್ಟೆ. ಎದ್ದವನು ರೂಢಿಯಂತೆ ನನ್ನ ಚೀಲಕ್ಕೆ ಕೈ ಹಾಕಿದ. ಅದನ್ನು ಮಾತ್ರ ಕೊಡಲಿಲ್ಲ.