ಭೂಪಾಲರು ಬಿಡಿಸಿದ ಗಡ್ಡ

ನಿಪ್ಪಾಣಿಯ ತಂಬಾಕು ಪೇಟೆಯಲ್ಲಿ ಭೂಪಾಲರು ಒಮ್ಮೆ ದರ ಹೇಳಿದರೆ ಮುಗಿಯಿತು, ಎರಡನೆಯ ಮಾತಿಲ್ಲ. ಅಂಥವರಿಗೆ ಲಕ್ವಾ ಹೊಡೆದು ಬಲಗೈ ಜೋತುಬಿತ್ತು. ತಲೆಯಲ್ಲಿ ಎಲ್ಲವೂ ನೆಟ್ಟಗಿತ್ತು. ಬಾಯಿಗೆ ಬರುವಷ್ಟರಲ್ಲಿ ಪ್ರತಿ ಮಾತೂ ಬರೀ "ಬಾ, ಬಾ" ಆಗುತ್ತಿತ್ತು. ಬರೆಯಲು ಹೋದರೆ ಅಕ್ಷರಗಳೂ ಕಲಸಿಹೋಗುತ್ತಿದ್ದವು.

ಅವರಿಗೆ ಬೇಕಾಗಿದ್ದದ್ದು ಇಷ್ಟೇ: ಬೆಳೆದ ಗಡ್ಡ ತೆಗೆಸಬೇಕು. ಕೆನ್ನೆ ತೋರಿಸಿದರೆ ಹೆಂಡತಿ ಲಕ್ಷ್ಮಿಬಾಯಿ ಹಲ್ಲುನೋವೆಂದು ಲವಂಗ ಕೊಟ್ಟಳು. ಕೆರೆದು ತೋರಿಸಿದರೆ ಕೊಬ್ಬರಿ ಎಣ್ಣೆ ಸವರಿದಳು.

ಬಿಡಿಸಿಯಾದರೂ ತೋರಿಸಲಿ ಎಂದು ಮಗಳು ತೃಪ್ತಿ ತನ್ನ ಫೋನಿನಲ್ಲಿ ಚಿತ್ರ ಬಿಡಿಸುವ ಆ್ಯಪ್ ಹಾಕಿ ಕೊಟ್ಟಳು. ಅದರ ಅಂಚಿನ ತುಂಬ ಬಣ್ಣ, ಕುಂಚ. ಎಡಗೈ ಬೆರಳು ತಾಗಿದಲ್ಲೆಲ್ಲ ಏನೋ ತೆರೆದುಕೊಳ್ಳುತ್ತಿತ್ತು, ನಡುವೆ ಜಾಹೀರಾತು ಬೇರೆ. ಭೂಪಾಲರು ಕೊಳೆತ ಎಲೆ ಸರಿಸುವ ಹಾಗೆ ಫೋನನ್ನು ಅತ್ತ ನೂಕಿದರು.

ಅವಳು ಹುಡುಕಿದ ಇನ್ನೊಂದು ಆ್ಯಪ್ ಸಾದಾ ಇತ್ತು. ಬಿಳಿ ಹಾಳೆ, ಕರಿ ಗೆರೆ, ಅಳಿಸಲು ಒಂದು ಗುಂಡಿ. ಎಳೆದರು, ಗೆರೆ ನಡುಗಿತು. ಅಳಿಸಿ ಮತ್ತೆ ಎಳೆದರು. ತೆಳು ಗೆರೆ ಕಣ್ಣಿಗೆ ಹತ್ತದೆ ಅದನ್ನೇ ಕುಟ್ಟಿ ತೋರಿಸಿದಾಗ ತೃಪ್ತಿ ದಪ್ಪ ಮಾಡಿಕೊಟ್ಟಳು.

"ಇದು ನಡೀತೈತೇನಪಾ?"

ಭೂಪಾಲರು ತಲೆಯಾಡಿಸಿದರು.

ಒಂದು ವೃತ್ತ ಬರೆದು ಸುತ್ತ ಕೂದಲೆಳೆದರು. ಲಕ್ಷ್ಮಿಬಾಯಿ ಬಗ್ಗಿ ನೋಡಿದಳು. "ಸೂರ್ಯ ಹೌದಲ್ರಿ? ಬಿಸಲಾಗ ಕುಂಡ್ರತೀರೇನು?"

ಭೂಪಾಲರಿಗೆ ಸಿಟ್ಟು ನೆತ್ತಿಗೇರಿತು. ಆದರೂ ಬಿಡಲಿಲ್ಲ, ಅಳಿಸಿದರು. ಈ ಸಲ ಕಣ್ಣು, ಮೂಗು ಇಟ್ಟು, ಕೂದಲನ್ನು ಕೆಳಗಷ್ಟೇ ಎಳೆದರು. ಬೆರಳು ಬೆವೆತಾಗ ತೊಡೆಗೆ ಒರೆಸಿಕೊಂಡು ಮತ್ತೆ ಎಳೆದರು.

"ಅಯ್ಯ, ಮಾರಿ ಐತಿ ಇದು! ತೆಳಗ... ದಾಡಿ!" ಲಕ್ಷ್ಮಿಬಾಯಿ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇದನ್ನ ಹೇಳಾಕ ಇಷ್ಟ ಒದ್ದಾಡಿದ್ರೇನ್ರಿ? ತಡೀರಿ, ಕಟಿಂಗ್ ಅಂಗಡಿ ಹಾಲಸಿದ್ದನ್ನ ಮನೀಗೇ ಕರಸ್ತೀನಿ."

ಭೂಪಾಲರು ಅಡ್ಡಡ್ಡ ತಲೆಯಾಡಿಸಿ, ಒಂದು ಕುರ್ಚಿ, ಅದರ ಮುಂದೊಂದು ಕನ್ನಡಿ ಬಿಡಿಸಿದರು.

"ಅಂಗಡಿಗೇ ಹೋಗ್ಬೇಕಂತವ್ವಾ," ಎಂದಳು ತೃಪ್ತಿ.

"ಪಾವಟಗಿ ಹೆಂಗ ಇಳೀತೀರಿ?" ಎಂದು ಲಕ್ಷ್ಮಿಬಾಯಿ ಕೇಳುವಷ್ಟರಲ್ಲಿ ಅವರು ಕೋಲು ಊರಿ ಎದ್ದಿದ್ದರು. ಮಗಳ ಹೆಗಲಿಗೆ ಒರಗಿ ಮೆಟ್ಟಿಲಿಳಿದು, ಕಾಲೆಳೆಯುತ್ತ, ಅಲ್ಲಲ್ಲಿ ನಿಂತು ಉಸಿರು ಹಾಕುತ್ತ ಓಣಿ ದಾಟಿದರು.

ಹಾಲಸಿದ್ದ ಓಡಿ ಬಂದು ಕುರ್ಚಿ ಹಿಡಿದ. ಬಟ್ಟೆ ಹೊದಿಸಿ, "ಸಾವಕಾರ್ರ, ಮೀಸಿ ಇಡ್ಲ್ಯೋ, ತೆಗೀಲ್ಯೋ?" ಎಂದ.

ತೃಪ್ತಿ ಬಾಯಿ ತೆರೆದಳು. ಭೂಪಾಲರು ಅವಳನ್ನು ತಡೆದು, ಫೋನಿಗೆ ಕೈ ಚಾಚಿ, ದಪ್ಪನೆಯ ಮೀಸೆಯೊಂದನ್ನು ತಾವೇ ಬಿಡಿಸಿದರು. ಹಾಲಸಿದ್ದ ನೋಡಿ ತಲೆಯಾಡಿಸಿ ನೊರೆ ಕಲಸತೊಡಗಿದ.