ಕಾಲರಮ್ಮನ ರಜ

ನನ್ನ ಗಂಡನ ತಂಗಿಯನ್ನು ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ಕಾಲರಮ್ಮ ಎಂದೇ ಕರೆಯುತ್ತಿದ್ದರು. ಅಂಗಿಗೆ ಕಾಲರ್ ಕೂರಿಸಿದಳೆಂದರೆ ಎರಡು ತುದಿಯೂ ಅವಳಿ ಮಕ್ಕಳಂತೆ ಒಂದೇ ಸಮ. ಕಿಟಕಿ ಪಕ್ಕದ ಮೂರನೇ ಮೆಷಿನ್ ಅವಳದು. ನಾನು ಅಲ್ಲೇ ಕೆಳಗೆ ಕೂತು ಗುಂಡಿ ಹಾಕುತ್ತಿದ್ದೆ. ಅವಳು ತೀರಿಹೋಗಿ ಆರು ವರ್ಷವಾದರೂ ಆ ಮೆಷಿನ್ನಿನ ಟಕಟಕ ನನ್ನ ಕಿವಿ ಬಿಟ್ಟಿಲ್ಲ.

ಹದಿನಾಲ್ಕನೇ ವಯಸ್ಸಿನಿಂದ ಅವಳಿಗೆ ಫಿಟ್ಸ್. ಬಿದ್ದಾಗ ನಾನು ಕತ್ತರಿ ದೂರ ಸರಿಸಿ, ಮಗ್ಗುಲಿಗೆ ತಿರುಗಿಸಿ, ತಲೆಯಡಿ ಬಟ್ಟೆ ಮಡಿಸಿಟ್ಟು ಕಾಯುತ್ತಿದ್ದೆ. ಎರಡು ನಿಮಿಷ. ಎಚ್ಚರವಾದರೆ ಮೊದಲ ಮಾತು, "ಅತ್ತಿಗೆ, ಕಾಲರ್ ಕೊಳೆಯಾಯ್ತಾ?"

ಮಾತ್ರೆ ತಪ್ಪಿಸುತ್ತಿರಲಿಲ್ಲ. ಆದರೂ ಒಂದು ಸಲ ಒಂದೇ ವಾರದಲ್ಲಿ ಮೂರು ಬಾರಿ ಬಿದ್ದಳು. ಮೂರನೇ ಬಾರಿ ಸೂಜಿ ಉಗುರಿಗೇ ಇಳಿಯಿತು. ಅಂಗಡಿ ಯಜಮಾನರು ಕೆಟ್ಟವರಲ್ಲ, ಹೆದರಿದರು.

"ನೋಡಮ್ಮ, ಇದು ಹತೋಟಿಗೆ ಬರೋವರೆಗೂ ಮೆಷಿನ್ ಬೇಡ. ಅತ್ತಿಗೆ ಜೊತೆ ಗುಂಡಿ ಹಾಕ್ಕೊಂಡಿರು."

"ಗುಂಡಿ ಹಾಕೋದಾ? ಅದಕ್ಕಿಂತ ನನ್ನನ್ನೇ ಗುಂಡಿಗೆ ಹಾಕ್ಬಿಡಿ!" ಎಂದು ನಗಲು ಹೋಗಿ ಅತ್ತಳು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು. "ಯಾವಾಗ ಜಾಸ್ತಿ ಬರುತ್ತೆ?" ಎಂದರು.

"ರಜದಲ್ಲಿ" ಎಂದಳು, ನೆಲ ನೋಡುತ್ತ. ನಮ್ಮ ಮನೆ ಹೆಂಗಸರು ಮುಟ್ಟಿಗೆ ಹಾಗೆಯೇ ಹೇಳುವುದು. ಡಾಕ್ಟರು ಭಾನುವಾರವೆಂದುಕೊಂಡರು.

"ರಜ ಅಂತ ನಿದ್ದೆಗೆಟ್ಟು ಸಿನಿಮಾ ನೋಡ್ಬೇಡಿ" ಎಂದು ಕಳಿಸಿದರು.

ಹೊರಗೆ ಬಂದು ಹೊಟ್ಟೆ ಹಿಡಿದು ನಕ್ಕೆವು. ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ನಗು ಆರಿತ್ತು.

"ಬಿಡಿಸಿ ಹೇಳೋಕಾಗ್ಲಿಲ್ವೇನೇ?"

"ನೀವು ಹೇಳ್ಬಹುದಿತ್ತಲ್ಲ ಅತ್ತಿಗೆ. ನಿಮ್ಮ ಬಾಯಿಗೂ ಗುಂಡಿ ಹಾಕಿತ್ತಾ?"

ಮಾತು ನಾಟಿತು. ಆಗ ನನಗೆ ಓದಲು ಬರುತ್ತಿದ್ದುದು ಅಂಕಿ ಮಾತ್ರ. ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನಕ್ಕೆ ಸೊನ್ನೆ, ಫಿಟ್ಸ್ ಬಂದ ದಿನಕ್ಕೆ ಗೀಟು ಹಾಕುತ್ತ ಬಂದೆ. ಮೂರು ತಿಂಗಳಲ್ಲಿ ಒಂಬತ್ತು ಗೀಟು. ಅದರಲ್ಲಿ ಎಂಟು, ಸೊನ್ನೆಗಳ ಹಿಂದೆಮುಂದೆಯೇ. ಅಷ್ಟು ದಿನವೂ ಅವಳು ನನ್ನ ಪಕ್ಕ ಗುಂಡಿ ಹಾಕಿದಳು, ಕಣ್ಣು ಮಾತ್ರ ಕಿಟಕಿಯ ಕಡೆ.

ಕ್ಯಾಲೆಂಡರನ್ನು ಡಾಕ್ಟರ ಮುಂದೆ ಹಾಸಿದೆ. "ರಜ ಅಂದ್ರೆ ಭಾನುವಾರ ಅಲ್ಲ ಸಾರ್, ಮುಟ್ಟು."

ಅವರ ಕಿವಿ ಕೆಂಪಾಯಿತು. ಆದರೆ ಒಂದೊಂದೇ ಗೀಟನ್ನು ಬೆರಳಿಟ್ಟು ನೋಡಿದರು. ಕೆಲವು ಹೆಂಗಸರಿಗೆ ಆ ದಿನಗಳ ಮೈಯೊಳಗಿನ ಏರುಪೇರಿಗೆ ಫಿಟ್ಸ್ ಹೆಚ್ಚುವುದುಂಟು ಎಂದರು. ದಿನದ ಮಾತ್ರೆ ಬಿಡದೆ, ಆ ಕೆಲವು ದಿನಕ್ಕೆ ಇನ್ನೊಂದನ್ನು ಬರೆದುಕೊಟ್ಟರು.

ಪೂರ್ತಿ ನಿಲ್ಲಲಿಲ್ಲ, ಸುಳ್ಳೇಕೆ ಹೇಳಲಿ. ತಿಂಗಳಿಗೆ ಮೂರಿದ್ದದ್ದು ಒಂದಾಯಿತು, ಎಷ್ಟೋ ತಿಂಗಳು ಅದೂ ಇಲ್ಲ. ಆಮೇಲೊಂದು ಬೆಳಿಗ್ಗೆ ಅವಳು ಎಲ್ಲರೆದುರಿಗೇ ಯಜಮಾನರನ್ನು ಕೇಳಿದಳು: "ಮುಟ್ಟಿನ ಹಿಂದೆಮುಂದೆ ಒಂದು ವಾರ ಗುಂಡಿ, ಮಿಕ್ಕ ದಿನ ಮೆಷಿನ್. ಆಗುತ್ತಾ?"

ಯಜಮಾನರು ಕೆಮ್ಮಿದರು. ಕೊರಳಲ್ಲೇ ಇದ್ದ ಟೇಪನ್ನು ಮೇಜಿನಡಿ ಹುಡುಕಿದರು. "ಕೆಲಸ ರಾಶಿ ಬಿದ್ದಿದೆ, ಕೂತ್ಕೊಳಮ್ಮ" ಎಂದರು.

ಕೂತವಳು ಹತ್ತೊಂಬತ್ತು ವರ್ಷ ಆ ಜಾಗ ಬಿಡಲಿಲ್ಲ. ಅವತ್ತು ಅವಳು ಮಾಡಿದ ಮೊದಲ ಕೆಲಸ, ಬೇರೆಯವರು ಕೂರಿಸಿದ್ದ ನಾಲ್ಕು ಕಾಲರ್ ಬಿಚ್ಚಿ ಹಾಕಿದ್ದು.

"ಇವೇನು ಕಾಲರಾ, ನಾಯಿ ಕಿವಿನಾ?"