ಯಾವಾಗಲೂ ಕೊನೆಗೆ

ನಂತೂರಿನ ಹತ್ತಿರ ನಮ್ಮದೊಂದು ಸಣ್ಣ ಕೇಂದ್ರ ಉಂಟು. ಡ್ರಗ್ಸ್ ಚುಚ್ಚಿಕೊಳ್ಳುವವರು ಹಳೆ ಸೂಜಿ ತಂದರೆ ಹೊಸದು ಕೊಡುತ್ತೇವೆ. ಒಬ್ಬರ ಕಾಯಿಲೆ ಇನ್ನೊಬ್ಬರಿಗೆ ಹೋಗಬಾರದಲ್ಲ, ಅದಕ್ಕೆ.

ದೂರದ ಯಾವುದೋ ಜೈಲಿನಿಂದ ಬಿಡುಗಡೆಯಾದವರೊಬ್ಬರು ಅಲ್ಲಿಗೆ ಬಂದಿದ್ದರು. ಬಾಗಿಲು ತೆಗೆಯುವ ಮೊದಲೇ ಬಂದವರು, ಉಳಿದವರನ್ನೆಲ್ಲ ಮುಂದೆ ಕಳಿಸಿ ಬೆಂಚಿನ ತುದಿಯಲ್ಲೇ ಕೂತಿದ್ದರು. ಮುಚ್ಚುವ ಹೊತ್ತಾಗಿ ನನಗೆ ಸಿಟ್ಟು ಬಂತು.

"ಎಂತ ಅಣ್ಣ, ನಿಮಗೆ ಬೇಡವಾ?"

"ಎಲ್ಲರದ್ದೂ ಆಗಲಿ ಮೇಡಂ. ನಾನು ಯಾವಾಗಲೂ ಕೊನೆಗೆ."

"ಯಾಕೆ?"

"ಜೈಲಿನೊಳಗೆ ಅಪರೂಪಕ್ಕೆ ಒಂದು ಸೂಜಿ ಬರ್ತಿತ್ತು. ಎಲ್ಲರಿಗೂ ಅದೇ. ನನಗೆ ಎಚ್‌ಐವಿ ಉಂಟು ಅಂತ ಗೊತ್ತಾದ ಮೇಲೆ ನಾನು ಕೊನೆಗೇ ತಗೊಳ್ತಿದ್ದೆ. ನನ್ನದಾದ ಕೂಡಲೇ ಮುರಿದು ಹಾಕ್ತಿದ್ದೆ."

"ಅವರು ಸುಮ್ಮನಿದ್ದರಾ?"

"ಎಲ್ಲಿಂದ! ಪ್ರತಿ ಸಲ ಪೆಟ್ಟು." ನಗಲು ಬಾಯಿ ತೆರೆದರು. ಮುಂದಿನ ಹಲ್ಲುಗಳಿರಲಿಲ್ಲ.

ಹೊಸ ಪ್ಯಾಕೆಟ್ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು.

"ಇದು ನನ್ನೊಬ್ಬನಿಗೇ?"

"ನಿಮಗೊಬ್ಬರಿಗೇ ಅಣ್ಣ."

ಆ ಸಂಜೆ ಬಸ್ಸು ಬಂದಾಗ ದಿನದ ಹಾಗೆ ನುಗ್ಗಲು ಮನಸ್ಸಾಗಲಿಲ್ಲ. ಎಲ್ಲರೂ ಹತ್ತಲಿ ಎಂದು ಹಿಂದೆ ನಿಂತೆ. ಕಂಡಕ್ಟರ್ ಸೀಟಿ ಊದಿದ. ಬಸ್ಸು ನನ್ನನ್ನು ಬಿಟ್ಟೇ ಹೋಯಿತು.